ಕಾಲೇಜು ಹುಡುಗಿಯರ ಫುಟ್‌ಬಾಲ್ ತಂಡ: ದುಡ್ಡು, ಸಿಬ್ಬಂದಿ, ಅಟೆಂಡೆನ್ಸ್

ಹೋದ ವರ್ಷದ ಬಜೆಟ್ಟಿಗೆ ಶೇ. 10 ಸೇರಿಸಿ ಪ್ರಿನ್ಸಿಪಾಲರ ಮುಂದಿಡುವುದು ವಾಡಿಕೆ. ದುಡ್ಡು ಸಾಲದೆ ಪರದಾಡುವುದು ಅಲ್ಲಿಂದಲೇ ಶುರು. ಸೆಮಿಸ್ಟರ್ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು, ಟೂರ್ನಿಯ ದಿನಗಳನ್ನು ಎಣಿಸಿ ಬಜೆಟ್ ಬರೆಯಿರಿ.

ದೊಡ್ಡ ಖರ್ಚು ಪ್ರಯಾಣದ್ದು. 18 ಆಟಗಾರ್ತಿಯರು, ಕೋಚ್, ಮ್ಯಾನೇಜರ್, ಫಿಸಿಯೋ ಸೇರಿ 21 ಜನ. ಹೋಗಿ ಬರುವುದೂ ಸೇರಿ 7 ದಿನವೆಂದರೆ 147 ದಿನಭತ್ಯೆ. ತಂಡ ಫೈನಲ್‌ವರೆಗೂ ಆಡುತ್ತದೆ ಎಂದುಕೊಂಡೇ ಲೆಕ್ಕ ಹಾಕಿ. ಮೊದಲ ಪಂದ್ಯದಲ್ಲೇ ಸೋತರೆ ದುಡ್ಡು ಉಳಿಯುತ್ತದೆ, ಗೆದ್ದು ಊಟಕ್ಕೆ ಪರದಾಡುವುದಕ್ಕಿಂತ ಅದು ವಾಸಿ. ಅಂತರ ವಿಶ್ವವಿದ್ಯಾಲಯ ಟೂರ್ನಿಯ ಡ್ರಾ (ಯಾರಿಗೆ ಯಾರು ಎದುರು ಎಂಬ ಪಟ್ಟಿ) ತಡವಾಗಿ ಬಂದರೆ ರೈಲಿಗೆ ತತ್ಕಾಲ್ ಒಂದೇ ದಾರಿ. ಒಂದು ಪಿಎನ್‌ಆರ್‌ಗೆ ನಾಲ್ಕೇ ಜನ, ಅಂದರೆ 6 ಟಿಕೆಟ್, ಒಂದೇ ಲಾಗಿನ್ ಸಾಲದು. ಅದೂ ಸಿಗದಿದ್ದರೆ ಎಂದು ಬಸ್ ಬಾಡಿಗೆಯ ಕೊಟೇಶನ್ ಮೊದಲೇ ತರಿಸಿಡಿ.

ನಂತರ ಮೈದಾನ. ಗಂಟೆ ಲೆಕ್ಕದಲ್ಲಿ ಸಿಗುವ ಚಿಕ್ಕ ಟರ್ಫ್‌ನಲ್ಲಿ ಪಾಸಿಂಗ್ ಕಲಿಸಬಹುದು. ಆಫ್‌ಸೈಡ್ ಲೈನ್, ಕಾರ್ನರ್, ಗೋಲ್‌ಕಿಕ್ ಕಲಿಸಲು ಪೂರ್ತಿ ಅಳತೆಯ ಮೈದಾನ ವಾರಕ್ಕೊಮ್ಮೆಯಾದರೂ ಬೇಕು. ಬೆಳಿಗ್ಗೆ 6ರಿಂದ 7.30ರ ಹೊತ್ತು ಒಳ್ಳೆಯದು. ಸಂಜೆ ಇಟ್ಟರೆ ಅರ್ಧ ತಂಡ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿರುತ್ತದೆ, ಇನ್ನರ್ಧಕ್ಕೆ ಪಿಜಿ ಗೇಟ್ ಮುಚ್ಚುವ ಚಿಂತೆ. ಇಬ್ಬರಿಗೊಂದು ಐದನೇ ಸೈಜಿನ ಚೆಂಡು ಸಾಕು.

ಸಿಬ್ಬಂದಿ ಸೇರಿಸುವಾಗ ಸಹಾಯಕ ಕೋಚ್‌ಗಿಂತ ಮೊದಲು ಫಿಸಿಯೋ ಬರಲಿ, ವಾರಕ್ಕೆ ಎರಡು ದಿನ ಗಂಟೆ ಲೆಕ್ಕದಲ್ಲಾದರೂ ಸರಿ. ಮೊಣಕಾಲಿನ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಒಂದು ಅಸ್ಥಿರಜ್ಜು) ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚು. ಹರಿದು ಶಸ್ತ್ರಚಿಕಿತ್ಸೆಯಾದರೆ ಆ ವರ್ಷದ ಆಟ ಹೋದಂತೆಯೇ. ಗಾಯ ತಡೆಯಲೆಂದೇ ಇರುವ ಫಿಫಾ 11+ ವಾರ್ಮ್‌ಅಪ್‌ಗೆ ಬೇಕಾದ್ದು 20 ನಿಮಿಷ, ವಾರಕ್ಕೆ ಕನಿಷ್ಠ ಎರಡು ಸಲ ಮಾಡಿಸಿ. ತಡವಾಯಿತೆಂದು ಇದನ್ನು ಬಿಟ್ಟು ನೇರವಾಗಿ ಆಟಕ್ಕಿಳಿಸುವ ಕೋಚ್‌ಗೆ ಖಂಡಿತ ಬೇಡವೆನ್ನಿ. ಪ್ರವಾಸಕ್ಕೆ ಮಹಿಳಾ ಮ್ಯಾನೇಜರ್ ಇರಲೇಬೇಕು.

ಎಲ್ಲಕ್ಕಿಂತ ಕಗ್ಗಂಟು ಓದಿನದು. ಶೇ. 75 ಹಾಜರಿ ಬೇಕಾದಲ್ಲಿ 60 ಪೀರಿಯಡ್‌ನ ವಿಷಯದಲ್ಲಿ ತಪ್ಪಿಸಬಹುದಾದ್ದು 15 ಮಾತ್ರ. ಆಯ್ಕೆ ಟ್ರಯಲ್ಸ್, ಟೂರ್ನಿ, ಜೊತೆಗೊಂದು ಜ್ವರ ಬಂದರೆ ಅದು ಮುಗಿದೇ ಹೋಯಿತು. ಕೆಎಸ್‌ಎಫ್‌ಎ (ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ) ಲೀಗ್‌ನಲ್ಲಿ ಕ್ಲಬ್ಬಿಗೆ ಆಡುವವರ ಪಂದ್ಯದ ದಿನಗಳನ್ನೂ ಇದೇ ಲೆಕ್ಕಕ್ಕೆ ಸೇರಿಸಿ. ಓಡಿ (ಆನ್ ಡ್ಯೂಟಿ, ಕಾಲೇಜಿನ ಕೆಲಸದ ಮೇಲೆ ಹೋದದ್ದೆಂಬ) ಪತ್ರವನ್ನು ಹೊರಡುವ ಮೊದಲೇ ವಿಭಾಗಕ್ಕೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ; ಬಂದಮೇಲೆ ಕೊಟ್ಟ ಪತ್ರ ಮೂಲೆ ಸೇರುವುದೇ ಹೆಚ್ಚು. ಥಿಯರಿ ನೋಟ್ಸ್ ಗೆಳತಿಯರಿಂದ ಸಿಗುತ್ತದೆ, ಲ್ಯಾಬ್ ಹಾಗಲ್ಲ: ತಪ್ಪಿದ ಪ್ರಯೋಗವನ್ನು ಅದೇ ವಾರ ಬೇರೆ ಬ್ಯಾಚಿನ ಜೊತೆ ಮಾಡಿಸಲು ಮೊದಲೇ ಒಪ್ಪಿಗೆ ಪಡೆಯಿರಿ. ತಿಂಗಳಿಗೊಮ್ಮೆ ಪ್ರತಿಯೊಬ್ಬಳ ಹಾಜರಿ, ಇಂಟರ್ನಲ್ಸ್ ಅಂಕ ಒಂದೇ ಹಾಳೆಯಲ್ಲಿ ಬರೆದು, ಹಾಜರಿ ಶೇ. 80ಕ್ಕಿಂತ ಕೆಳಗಿಳಿದವಳನ್ನು ಊರಾಚೆಯ ಸ್ನೇಹಪಂದ್ಯಗಳಿಂದ ಕೈಬಿಡಿ.