ಪ್ರೇರ್ ರೋಡಿನ ಬಿಡಾರ

ನಮ್ಮ ಅಜ್ಜಯ್ಯ ಮುಂಬಯಿಯಲ್ಲಿದ್ದ ಕಾಲದ ಕಾಗದಪತ್ರವೆಲ್ಲ ಕುಂದಾಪುರದ ಮನೆಯ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿದಿತ್ತು. 4 ಕಾರ್ಡು, 11 ಮನಿ ಆರ್ಡರ್ ಕೂಪನ್ನು, ಎಂದರೆ ದುಡ್ಡಿನ ಜೊತೆ ಒಂದೆರಡು ಸಾಲು ಬರೆದು ಕಳಿಸುತ್ತಿದ್ದ ಚೀಟಿ. ದುಡ್ಡು ಅಂದಂದೇ ಕರಗಿ ಹೋಗಿದ್ದರೂ ಕೂಪನ್ನುಗಳನ್ನು ಅಜ್ಜಿ ಎತ್ತಿಟ್ಟಿದ್ದರು. ಬಂದರಿನ ಹತ್ತಿರ ಅಜ್ಜಯ್ಯನಿಗೊಂದು ಮನೆಯಿತ್ತು, 1944ರಲ್ಲಿ ಅಲ್ಲಿ ಹಡಗು ಸಿಡಿದ ಸ್ಫೋಟದಲ್ಲಿ ಅದು ಹೋಯಿತು ಎಂದು ನಾವು ಮೊಮ್ಮಕ್ಕಳು ನಂಬಿದ್ದೆವು. ಆ ಜಾಗವನ್ನಾದರೂ ನೋಡಿ ಬರೋಣ ಎಂದು ಹೊರಟವನು ನಾನು.

ಕಾರ್ಡಿನ ಮೂಲೆಯಲ್ಲಿ ಅಜ್ಜಯ್ಯ ಬರೆದಿದ್ದದ್ದು ‘ಪ್ರೇರ್ ರೋಡ್, ಮಸ್ಜಿದ್ ಬಂದರ್’ ಎಂದು. ಮಸ್ಜಿದ್ ಪಕ್ಕದಲ್ಲೇ ಇರುವಾಗ ಪ್ರೇರ್ ಎಂದರೆ ಪ್ರಾರ್ಥನೆಯಲ್ಲದೆ ಇನ್ನೇನು ಎಂದುಕೊಂಡು ನಕ್ಷೆಗಳಲ್ಲಿ ತಡಕಾಡುತ್ತ ಒಂದೂವರೆ ವರ್ಷ ಕಳೆದೆ. ಸ್ವಾತಂತ್ರ್ಯಪೂರ್ವದ ನಕ್ಷೆಯೊಂದನ್ನು ಹರಡಿಕೊಂಡು ಬಂದರಿನ ಪಕ್ಕದ ರಸ್ತೆಗಳ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ ದಿನ ಗಂಟು ಬಿಚ್ಚಿತು. ಅದು ಫ್ರಿಯರ್ ರೋಡ್. 1862ರಿಂದ 1867ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಬಾರ್ಟಲ್ ಫ್ರಿಯರ್ ಹೆಸರಿನದು. ಈಗ ಅದು ಪಿ. ಡಿಮೆಲ್ಲೊ ರಸ್ತೆ. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಇವರೇ. ಮಂಗಳೂರಿನಿಂದ ಹೋದ ಜಾರ್ಜ್ ಫರ್ನಾಂಡಿಸ್ ಪಳಗಿದ್ದು ಇವರ ಗರಡಿಯಲ್ಲಿ. ಹಳೆಯ ವಿಳಾಸ ಹುಡುಕುವವರು ಅಕ್ಷರವನ್ನು ನಂಬಬಾರದು, ಬಾಯಿಬಿಟ್ಟು ಓದಬೇಕು. ಬರೆದವರು ಕಿವಿಗೆ ಬಿದ್ದದ್ದನ್ನು ಬರೆದಿರುತ್ತಾರೆ.

ಕಾರ್ಡಿನ ಮೇಲಿನ ಅಂಚೆ ಮುದ್ರೆ ಮಸ್ಜಿದ್ ಪಕ್ಕದ ಮಾಂಡ್ವಿಯದು. ಹಾಗಾಗಿ ಹುಡುಕಾಟ ಮಸ್ಜಿದ್ ಸ್ಟೇಷನ್ನಿನ ಆಸುಪಾಸಿಗೆ ಇಳಿಯಿತು. ಇಲ್ಲಿ ನಾನು ಎರಡನೆಯ ತಪ್ಪು ಮಾಡಿದೆ. ಆಸ್ತಿಯ ದಾಖಲೆ ಹಿಡಿದರೆ ಮನೆ ಸಿಗುತ್ತದೆ ಎಂದುಕೊಂಡೆ. ಮುಂಬಯಿ ದ್ವೀಪದಲ್ಲಿ ಜಾಗ ಗುರುತಿಸುವುದು ಡಿವಿಜನ್ ಮತ್ತು ಸಿ.ಎಸ್. ಎಂಬ ಭೂಮಾಪನ ನಂಬರಿನಿಂದ, ಅಜ್ಜಯ್ಯ ಬರೆದ ಮನೆ ನಂಬರಿಗೆ ಅಲ್ಲಿ ಬೆಲೆಯಿಲ್ಲ. ಅದೂ ಅಲ್ಲದೆ ಪೂರ್ವದ ಕಡಲಂಚಿನ ಬಹುಭಾಗ ಸಮುದ್ರ ತುಂಬಿಸಿ ಮಾಡಿದ, ಬಂದರು ನೋಡಿಕೊಳ್ಳುತ್ತಿದ್ದ ಪೋರ್ಟ್ ಟ್ರಸ್ಟಿನ ನೆಲ. ಕಾಗದದಲ್ಲಿ ಸಿಗುವುದು ಗೇಣಿಗೆ ಹಿಡಿದವರ ಹೆಸರೇ ಹೊರತು ಒಳಗೆ ಮಲಗಿ ಎದ್ದವರದಲ್ಲ. ಒಂದು ಕಚೇರಿಗೆ ಮೂರು ಸಲ ಅಲೆದೆ. ಮೂರನೆಯ ಸಲ ಗುಮಾಸ್ತರು ಕನ್ನಡಕ ತೆಗೆದು, “ಇದರಲ್ಲಿ ನಿಮ್ಮ ಅಜ್ಜ ಯಾರು? ಮಾಲೀಕರೇ, ಬಾಡಿಗೆದಾರರೇ?” ಎಂದರು. ಸಿಟ್ಟು ಬಂತು. ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು.

ಉತ್ತರ ಡಬ್ಬಿಯಲ್ಲೇ ಇತ್ತು. ಎಲ್ಲ ಕಾರ್ಡುಗಳಲ್ಲೂ ರಸ್ತೆಯ ಹೆಸರಿನ ಮೇಲೆ ಒಂದು ಸಾಲು ಮಾಸಿಹೋಗಿ, ಕೊನೆಗೆ ‘ವಿಳಾಸ’ ಎಂದು ಉಳಿದಿತ್ತು. ‘ನನ್ನ ವಿಳಾಸ’ ಎಂದು ಬರೆದಿರಬೇಕು ಎಂದುಕೊಂಡು ನಾವು ಯಾರೂ ಅದರತ್ತ ನೋಡಿರಲಿಲ್ಲ. ಒಂದು ರಾತ್ರಿ ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಶಾಯಿ ಹೋಗಿದ್ದರೂ ನಿಬ್ಬು ಕೊರೆದ ಗೆರೆ ಉಳಿದಿತ್ತು. ಅದು ‘ಳ’ ಅಲ್ಲ, ‘ಲ’. ಯಾವುದೋ ವಿಲಾಸ, ಹಳೆಯ ಹೋಟೆಲುಗಳ ಹೆಸರಿನ ಬಾಲ. ಎಂದರೆ, ಹೋಟೆಲು!

ಮುಂಬಯಿಯ ಮಾಟುಂಗದ ಹೋಟೆಲುಗಳಲ್ಲಿ ದುಡಿದು ನಿವೃತ್ತರಾದ ನಮ್ಮೂರಿನ ಹಿರಿಯರೊಬ್ಬರಿಗೆ ಕಾರ್ಡು ತೋರಿಸಿದೆ. “ಮನೆಯಾ? ರಾತ್ರಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಸೇರಿಸಿದರೆ ಅದೇ ಮನೆ. ಗಲ್ಲಾದ ಹತ್ತಿರದ ಮೇಜು ಹಳೆಯ ಮಾಣಿಗೆ, ಹೊಸಬನಿಗೆ ನೆಲ. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟರು ಒಲೆ ಹಚ್ಚುವಾಗ ಹಾಸಿಗೆ ಸುತ್ತಿ ಅಟ್ಟಕ್ಕೆ ಎಸೆಯಬೇಕು” ಎಂದರು.

ಆಮೇಲೆ ಕೂಪನ್ನುಗಳನ್ನು ತಾರೀಖಿನ ಪ್ರಕಾರ ಜೋಡಿಸಿದೆ. ಮೊದಲೇ ಮಾಡಬೇಕಿದ್ದ ಕೆಲಸ. 1944ರ ಮಾರ್ಚಿನದು ಪ್ರೇರ್ ರೋಡಿನಿಂದ. ಏಪ್ರಿಲ್ 14ರ ಸಂಜೆ ನಾಲ್ಕು ದಾಟಿದ ಮೇಲೆ ವಿಕ್ಟೋರಿಯಾ ಡಾಕ್ ಎಂಬ ಹಡಗುಕಟ್ಟೆಯಲ್ಲಿ, ಹತ್ತಿಯ ಜೊತೆಗೆ ಸುಮಾರು 1,400 ಟನ್ ಸ್ಫೋಟಕ ತುಂಬಿಕೊಂಡಿದ್ದ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೊಮ್ಮೆ. ಬೆಂಕಿ ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಇಂದಿಗೂ ಏಪ್ರಿಲ್ 14ರಿಂದ ಅಗ್ನಿಶಾಮಕ ಸಪ್ತಾಹ ನಡೆಯುವುದು ಅವರ ನೆನಪಿಗೆ. ಮೇ ತಿಂಗಳಿನ ಕೂಪನ್ ಇಲ್ಲ. ಜೂನಿನದು ಮಾಟುಂಗದಿಂದ ಬಂದಿದೆ, ಐದು ರೂಪಾಯಿ ಕಡಿಮೆ. ಬರೆದದ್ದು ಒಂದೇ ಸಾಲು: ‘ನಾನು ಸೌಖ್ಯ. ಟ್ರಂಕು ಸಿಕ್ಕಿತು, ಹಾಸಿಗೆ ಸಿಗಲಿಲ್ಲ.’

ಕಳೆದ ಡಿಸೆಂಬರಿನಲ್ಲಿ ಆ ರಸ್ತೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ನಡೆದೆ. ಒಂದು ಕಡೆ ಬಂದರಿನ ಗೋಡೆ ಮುಗಿಯುವುದೇ ಇಲ್ಲ. ಇನ್ನೊಂದು ಕಡೆ ದಾಣಾ ಬಂದರಿನ ಗಲ್ಲಿಗಳಿಂದ ಮೂಟೆ ಹೇರಿದ ಕೈಗಾಡಿಗಳು ನುಗ್ಗಿ ಬರುತ್ತವೆ. ಎಳೆಯುವವರ ಕೂಗು ಕೇಳಿದ ಕೂಡಲೇ ಗೋಡೆಗೆ ಅಂಟಿಕೊಳ್ಳಬೇಕು. ಹೋಟೆಲು ಯಾವ ಕಟ್ಟಡದಲ್ಲಿತ್ತೋ ಗೊತ್ತಾಗಲಿಲ್ಲ. ಹುಡುಕುವುದನ್ನೂ ಬಿಟ್ಟು ಒಂದು ಅಂಗಡಿಯ ಮುಂದೆ ಚಹಾ ಕುಡಿದು ಬಂದೆ.

ಊರಿಗೆ ಬಂದು ದೊಡ್ಡತ್ತೆಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಅಚ್ಚರಿಯೇ ಆಗಲಿಲ್ಲ. “ಮನೆ ಅಂತ ಯಾರು ಹೇಳಿದ್ದು ಮಾರಾಯ? ಅಮ್ಮ ಹೇಳುತ್ತಿದ್ದದ್ದು ಬಿಡಾರ ಅಂತ. ನೀವೇ ಮನೆ ಮಾಡಿದಿರಿ” ಎಂದು ಡಬ್ಬಿಯ ಮುಚ್ಚಳ ಹಾಕಿದರು.