ಸಭೆಯ ಕೆಲಸದ ಹಿಂದೆ ಬಚ್ಚಿಟ್ಟುಕೊಂಡಿದ್ದೆ

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಯಾವ ಕೆಲಸ ಇದ್ದರೂ ಮೊದಲು ಕೈ ಎತ್ತುತ್ತಿದ್ದವಳು ನಾನು. ಸಂಡೇ ಸ್ಕೂಲ್, ಕ್ವಾಯರ್, ಉಪವಾಸ ಪ್ರಾರ್ಥನೆ, ಕಡೆಗೆ ಬೆಂಚು ಒರೆಸುವುದೂ ಸಹ. "ಎಷ್ಟು ತ್ಯಾಗ ಮಾಡ್ತೀರಿ ಸಿಸ್ಟರ್" ಅಂತ ಎಲ್ಲರೂ ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ರಾತ್ರಿ ಒದ್ದೆಯಾದ ಬಟ್ಟೆ ಬದಲಿಸುವುದು, ಇದೆಲ್ಲ ಗಂಡನ ಮತ್ತು ನಾದಿನಿಯ ಪಾಲಿಗೆ ಬಿಟ್ಟು "ದೇವರ ಕೆಲಸ ಇದೆ" ಅಂತ ಹೊರಟುಬಿಡುತ್ತಿದ್ದೆ. ದೇವರ ಕೆಲಸ ಅಂದ ಮೇಲೆ ಯಾರು ತಡೆಯುತ್ತಾರೆ?

ಒಂದು ಸಂಜೆ ಮಕ್ಕಳ ಪಾಠಕ್ಕೆ ಬೈಬಲಿನ ಮಾರ್ಕ ಸುವಾರ್ತೆಯ 7ನೇ ಅಧ್ಯಾಯ ಓದುತ್ತಾ ಕೂತಿದ್ದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್", ಅಂದರೆ ದೇವರಿಗೆ ಮೀಸಲು ಅಂತ ಹೇಳಿ ತಪ್ಪಿಸಿಕೊಳ್ಳುವುದನ್ನು ಯೇಸು ಖಂಡಿಸುವ ಭಾಗ ಅದು. ಇದನ್ನು ಚಿಕ್ಕ ಮಕ್ಕಳಿಗೆ ಹೇಗೆ ಬಿಡಿಸಿ ಹೇಳಲಿ ಅಂತ ಯೋಚಿಸುತ್ತಿದ್ದೆ. ಪಕ್ಕದ ಕೋಣೆಯಿಂದ ಅತ್ತೆ ನೀರು ಕೇಳುತ್ತಿದ್ದರು. ಅದು ಮೂರನೇ ಸಲ. ನನ್ನ ಕೊರ್ಬಾನ್ ಯಾವುದು ಅಂತ ಆಗ ಗೊತ್ತಾಯಿತು.

ಕ್ವಾಯರ್ ಬಿಟ್ಟೆ, ವಾರದ ಕೂಟಗಳನ್ನು ಕಡಿಮೆ ಮಾಡಿದೆ. ಪಾಸ್ಟರ್ ಏನೂ ಅನ್ನಲಿಲ್ಲ, ಆದರೆ ಕೆಲವರು "ಭಕ್ತಿ ಕಮ್ಮಿ ಆಯ್ತಾ?" ಅಂತ ಕೇಳಿದರು. ನಿಜ ಹೇಳಬೇಕೆಂದರೆ, ಅತ್ತೆಯ ಬಟ್ಟೆ ಒಗೆಯುವುದಕ್ಕಿಂತ ಆ ಹೊಗಳಿಕೆ ನಿಂತಿದ್ದೇ ನನಗೆ ಜಾಸ್ತಿ ಕಷ್ಟವಾಯಿತು. ಒಂದು ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವ ಹೊತ್ತಿನಲ್ಲಿ ಇದನ್ನೇ ಹೇಳಿಬಿಡೋಣ ಅನ್ನಿಸಿ ಎದ್ದು ನಿಂತೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅನ್ನುವ ಮಾತು ನೆನಪಾಗಿ ಸುಮ್ನೆ ಕೂತೆ. (ಈಗ ಬರೆಯುತ್ತಿದ್ದೀರಲ್ಲ ಅಂತ ಕೇಳಬಹುದು. ಹೆಸರು ಹಾಕಿಲ್ಲ. ಆದರೂ ನನಗೇ ನನ್ನ ಮೇಲೆ ಸ್ವಲ್ಪ ಅನುಮಾನ ಇದೆ.)

ಪ್ರೀತಿ ಮೊದಲು ಬರಲಿ, ಆಮೇಲೆ ಮನಸ್ಸಿಟ್ಟು ಮಾಡುತ್ತೇನೆ ಅಂತ ಕಾದೆ. ತಿಂಗಳುಗಳು ಕಳೆದರೂ ಬರಲಿಲ್ಲ. ನನಗೆ ದಾರಿ ಕಾಣಿಸಿದವನು ಮತ್ತಾಯ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಮಗ. ತಂದೆ ದ್ರಾಕ್ಷೇತೋಟಕ್ಕೆ ಹೋಗು ಅಂದಾಗ "ಹೋಗಲ್ಲ" ಅನ್ನುತ್ತಾನೆ, ಆಮೇಲೆ ಹೋಗುತ್ತಾನೆ. ಹೋಗುತ್ತೇನೆ ಅಂದು ಹೋಗದ ಇನ್ನೊಬ್ಬನಿಗಿಂತ ಇವನೇ ವಾಸಿ. ರಾತ್ರಿ ಎರಡು ಗಂಟೆಗೆ ಕರೆ ಬಂದಾಗ ಮನಸ್ಸಿನಲ್ಲಿ "ಆಗಲ್ಲ ಕರ್ತನೇ" ಅನ್ನುತ್ತಲೇ ಕಾಲು ಕೆಳಗಿಡುತ್ತಿದ್ದೆ. ಅತ್ತೆಯನ್ನು ಬದಲಾಯಿಸು ಅಂತ ಬೇಡುವುದನ್ನು ಬಿಟ್ಟು, ಈ ಒಂದು ಸಲ ಏಳುವ ಶಕ್ತಿ ಕೊಡು ಅಂತ ಮಾತ್ರ ಕೇಳುತ್ತಿದ್ದೆ. ಶಿಲುಬೆ ಹೊತ್ತುಕೊಂಡು ಬಾ ಅನ್ನುವ ಮಾತು ಮತ್ತಾಯ, ಮಾರ್ಕದಲ್ಲೂ ಇದೆ, ಆದರೆ "ದಿನದಿನವೂ" ಅಂತ ಸೇರಿಸುವುದು ಲೂಕ ಒಬ್ಬನೇ. ಆ ಒಂದು ಪದ ನನಗೆ ಹಿಡಿಸಿತು, ಯಾಕೆಂದರೆ ನಾಳೆಯದನ್ನು ಇವತ್ತೇ ಹೊರಬೇಕಿಲ್ಲ ಅಲ್ವಾ.

ಆಮೇಲೆ ಇನ್ನೊಂದು ತಪ್ಪು ಮಾಡಿದೆ. ಎಲ್ಲವನ್ನೂ ನಾನೊಬ್ಬಳೇ ಮಾಡಲು ಹೊರಟೆ. ನಾದಿನಿ ಸಹಾಯಕ್ಕೆ ಬಂದರೂ ಬೇಡ ಅಂದೆ. ಸೊಂಟ ಹಿಡಿದುಕೊಂಡಿತು, ಅತ್ತೆಯ ಮೇಲೆಯೇ ರೇಗಿದೆ. ಮಾರ್ಕ 1ರಲ್ಲಿ ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅಂತ ಶಿಷ್ಯರು ಬಂದು ಹೇಳಿದರೂ, ಯೇಸು ವಾಪಸ್ ಹೋಗದೆ ಬೇರೆ ಊರುಗಳಿಗೆ ಹೊರಡುತ್ತಾನೆ. ಕರೆದವರಿಗೆಲ್ಲ ಹೂಂ ಅನ್ನುವುದು ವಿಧೇಯತೆ ಅಂತ ಅಂದುಕೊಂಡಿದ್ದ ನನಗೆ ಇದು ಸಮಾಧಾನ ಕೊಟ್ಟಿತು. ನಾದಿನಿಗೆ ಕ್ಷಮೆ ಕೇಳಿ ರಾತ್ರಿಗಳನ್ನು ಹಂಚಿಕೊಂಡೆವು.

ಅತ್ತೆಗೆ ನನ್ನ ಸೇವೆ ಹಿಡಿಸಿತೋ ಇಲ್ಲವೋ ಗೊತ್ತಿಲ್ಲ. ಕೊನೆಯ ವಾರದಲ್ಲೂ ಮೈ ಒರೆಸುವ ನೀರು ಬಿಸಿ ಜಾಸ್ತಿ ಅಂತ ಬೈದರು. ತಣ್ಣೀರು ಬೆರೆಸಿ ತಂದೆ.