ಓಡದವರಿಗೆ ಓಟವನ್ನು ಹೇಳುವುದು ಹೇಗೆ

ನನ್ನ ಮೊದಲ ಫುಲ್ ಮ್ಯಾರಥಾನ್ ಮುಗಿಸಿ ಮನೆಗೆ ಬಂದ ದಿನ ಸಾಕ್ಸ್ ಬಿಚ್ಚೋಕೆ ಬಗ್ಗಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅಕ್ಕನನ್ನು ಕರೆದೆ. ಅವಳು ಬಂದು ಎಳೆದಳು. ಬಲಗಾಲಿನ ಎರಡನೇ ಬೆರಳಿನ ಉಗುರು ಕಪ್ಪಾಗಿತ್ತು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಉಗುರು ಸ್ವಲ್ಪ ಮೇಲೆದ್ದಿತ್ತು. ಅಕ್ಕ ಉಗುರು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

"ಇದಕ್ಕೆ ದುಡ್ಡು ಬೇರೆ ಕಟ್ಟಿದ್ಯಾ?"

"ತುಂಬಾ ಚೆನ್ನಾಗಿತ್ತು ಅಕ್ಕ," ಅಂದೆ.

ಅವಳು ಸುಮ್ನೆ ಎದ್ದು ಒಳಗೆ ಹೋದಳು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಅವಳ ಕೈಯಲ್ಲಿದ್ದ ಸಾಕ್ಸ್ ನೋಡಿದರೆ ಯಾರೂ ನಂಬುವ ಮಾತಲ್ಲ ಅದು.

39 ವರ್ಷದವರೆಗೆ ನಾನೂ ಅಕ್ಕನ ಕಡೆಯವಳೇ. ಬೆಳಕು ಹರಿಯುವ ಮೊದಲೇ ಓಡುವವರನ್ನು ಕಂಡರೆ "ಯಾರು ಅಟ್ಟಿಸಿಕೊಂಡು ಬಂದ್ರೋ" ಅಂತ ನಗುತ್ತಿದ್ದೆ. ಈಗ ಓಡಲು ಶುರು ಮಾಡಿ ಎಂಟು ವರ್ಷ. ಎರಡೂ ಕಡೆ ಇದ್ದು ಬಂದವಳು ಅನ್ನೋ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮನೆಯವರನ್ನು ಓಟಗಾರರನ್ನಾಗಿ ಮಾಡೋದು ಹೇಗೆ ಅಂತ ಇಲ್ಲಿ ಸಿಗೋದಿಲ್ಲ. ನೀವು ಭಾನುವಾರ ಮೂರು ಗಂಟೆ ಮಾಯವಾಗಿ ಏನು ಮಾಡುತ್ತೀರಿ ಅಂತ ಅವರಿಗೆ ಅರ್ಥವಾದರೆ ಸಾಕು.

ಮೊದಲು ತಿಳಿಯಬೇಕಾದ್ದು, "ಓಟ" ಅಂದ ಕೂಡಲೇ ಅವರ ತಲೆಯಲ್ಲಿ ಬರೋದು ಏನು ಅಂತ. ಹೆಚ್ಚಿನವರಿಗೆ ಅದು ಶಾಲೆಯ 100 ಮೀಟರ್. ಇಲ್ಲಾಂದ್ರೆ ಹೊರಟೇಬಿಟ್ಟ ಬಸ್ಸು. ಎದೆ ಉರಿ, ಒಣಗಿದ ಗಂಟಲು, ಪಕ್ಕೆಯಲ್ಲಿ ಚುಚ್ಚು. ಫುಲ್ ಮ್ಯಾರಥಾನಿನ 42.195 ಕಿಲೋಮೀಟರ್ ಅಂದರೆ ಅದನ್ನೇ 422 ಸಲ ಮಾಡೋದು ಅಂತ ಅವರ ಲೆಕ್ಕ. ಹಾಗೆ ನೋಡಿದರೆ ನಮಗೆ ಹುಚ್ಚು ಅನ್ನೋದು ಸರಿಯೇ.

ಅದಕ್ಕೇ ದೂರ ಹೇಳುವ ಮೊದಲು ವೇಗ ಹೇಳಿ. ಆ ಮೊದಲ ಮ್ಯಾರಥಾನ್‌ಗೆ ನಾನು ತೆಗೆದುಕೊಂಡದ್ದು 5 ಗಂಟೆ 10 ನಿಮಿಷ. ಅಂದರೆ ಗಂಟೆಗೆ 8 ಕಿಲೋಮೀಟರ್‌ಗಿಂತ ಚೂರು ಜಾಸ್ತಿ. ಬಿರುಸಾಗಿ ನಡೆಯುವವರೇ ಗಂಟೆಗೆ 6 ಕಿಲೋಮೀಟರ್ ಹೋಗುತ್ತಾರೆ. ಇದನ್ನು ಹೇಳಿದಾಗ ಅಕ್ಕ ಮೊದಲ ಸಲ ಪೂರ್ತಿ ಕಿವಿಗೊಟ್ಟಳು. "ಅಷ್ಟೇನಾ?" ಅಂದಳು. ಸ್ವಲ್ಪ ಅವಮಾನ ಆಯ್ತು, ಆದರೂ ಕೆಲಸ ಆಯ್ತು.

ಇದರ ಉಲ್ಟಾ ತಪ್ಪೂ ಇದೆ. ಭಾವ ಟಿವಿಯಲ್ಲಿ ಮ್ಯಾರಥಾನ್ ನೋಡಿ "ಆರಾಮಾಗಿ ಹೋಗ್ತಾ ಇದಾರಲ್ಲ, ಬೆವರೂ ಇಲ್ಲ" ಅನ್ನುತ್ತಿದ್ದರು. 2023ರಲ್ಲಿ ಶಿಕಾಗೋದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮುಗಿಸಿದ. ಹೆಚ್ಚು ಕಮ್ಮಿ 17 ಸೆಕೆಂಡಿಗೆ ಒಂದು 100 ಮೀಟರ್, ಕೊನೆಯವರೆಗೂ. ಭಾವನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋಗಿ ಗಡಿಯಾರ ಹಿಡಿದು ನಿಂತೆ. ಜೀವ ಬಿಟ್ಟು ಓಡಿದರೂ 19 ಸೆಕೆಂಡ್. ಎರಡೂ ಕೈ ಮಂಡಿಗೆ ಊರಿ ನಿಂತು, "ಇನ್ನೊಂದು 421 ಬಾಕಿ ಅಲ್ವಾ?" ಅಂದರು. ಭಾವ ಹಾಗೆಲ್ಲ ಸೋಲು ಒಪ್ಪುವವರಲ್ಲ.

ಮುಂದಿನ ಹೆಜ್ಜೆ, ಒಂದು ದಿನ ಜೊತೆಗೆ ಕರೆದುಕೊಂಡು ಹೋಗುವುದು. ಇಲ್ಲೇ ಎಲ್ಲರೂ ಎಡವುವುದು, ನಾನೂ ಎಡವಿದ್ದೇನೆ. ಮೊದಲ ಸಲ ಅಕ್ಕನನ್ನು ಕರೆದೊಯ್ದಾಗ ಉತ್ಸಾಹದಲ್ಲಿ ನಾಲ್ಕು ಹೆಜ್ಜೆ ಮುಂದೇ ಓಡುತ್ತಿದ್ದೆ. ನನ್ನ ಬೆನ್ನು ನೋಡುತ್ತಾ ಅವಳು 400 ಮೀಟರ್‌ನಲ್ಲಿ ನಿಂತಳು. ಆಮೇಲೆ ಒಂದು ವರ್ಷ ಆ ಮಾತೇ ಎತ್ತಲಿಲ್ಲ.

ಎರಡನೇ ಸಲ ಹೀಗೆ ಮಾಡಿದೆ. ಒಟ್ಟು 20 ನಿಮಿಷ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾನು ಅವಳ ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ. ಹಿಂದಿನ ರಾತ್ರಿ ನೋಡಿದ ಧಾರಾವಾಹಿಯ ಕಥೆ ಹೇಳು ಅಂದೆ. ಇದು ಸುಮ್ನೆ ಹರಟೆ ಅಲ್ಲ. ಪೂರ್ತಿ ವಾಕ್ಯ ಬಾಯಿಂದ ಬರುತ್ತಿದ್ದರೆ ವೇಗ ಸರಿಯಿದೆ. "ಅವಳ ಅತ್ತೆ... ಇಲ್ಲ... ಆ ಲೆಟರ್..." ಅಂತ ಕಥೆ ತುಂಡಾಗಲು ಶುರುವಾದರೆ ಜಾಸ್ತಿಯಾಯಿತು ಅಂತ ಅರ್ಥ. ತುಂಡಾದ ಕೂಡಲೇ, ನಿಮಿಷ ಮುಗಿಯದಿದ್ದರೂ, "ನಡಿ, ನಡೆಯೋಣ" ಅನ್ನಬೇಕು. ಅವರು ಕೇಳುವವರೆಗೆ ಕಾಯಬಾರದು. ವಾಚ್ ನೋಡಬಾರದು. ನೋಡಲೇಬೇಕಿದ್ದರೆ ಕದ್ದು ನೋಡಿ.

ಹದಿನೈದನೇ ನಿಮಿಷದ ಹೊತ್ತಿಗೆ ಧಾರಾವಾಹಿ ಮುಗಿದು ಅಕ್ಕ ತನ್ನ ಆಫೀಸಿನ ಕಥೆಗೆ ಬಂದಿದ್ದಳು. ನಡುವೆ ನಿಲ್ಲಿಸಿ ಕೇಳಿದಳು: "ನೀನು ದಿನಾ ಮಾಡೋದು ಇದನ್ನೇನಾ?" ಹೌದು ಅಂದೆ. "ಮತ್ತೆ ಓಡ್ತೀನಿ ಅಂತ ಯಾಕೆ ಹೇಳ್ತೀಯ?" (ಎದೆನೋವು, ಹೃದಯದ ತೊಂದರೆ ಇದ್ದವರನ್ನು, ವರ್ಷಗಟ್ಟಲೆ ಮೈ ಅಲುಗಿಸದವರನ್ನು ಡಾಕ್ಟರ ಹತ್ತಿರ ಕೇಳದೆ ಎಳೆದುಕೊಂಡು ಹೋಗಬೇಡಿ.)

ಇನ್ನೊಂದು ವಿಷಯ ಅವತ್ತೇ ಹೊಳೆದದ್ದು. ಮೊದಲ ಎರಡು ಕಿಲೋಮೀಟರ್ ನನಗೆ ಇವತ್ತಿಗೂ ಆಗಿ ಬರುವುದಿಲ್ಲ. ಕಾಲು ಮರದ ಹಾಗೆ ಇರುತ್ತೆ, ಉಸಿರು ಲಯಕ್ಕೆ ಬಂದಿರುವುದಿಲ್ಲ. ಸ್ನಾಯುಗಳು ಕೇಳುವಷ್ಟು ಆಮ್ಲಜನಕವನ್ನು ಹೃದಯ, ಶ್ವಾಸಕೋಶ ಒದಗಿಸಲು ಕೆಲವು ನಿಮಿಷ ಬೇಕು. ಅಲ್ಲಿಯವರೆಗೆ ಸಾಲದ ಮೇಲೆ ಬದುಕು. ಓಡದವರು ಜೀವಮಾನದಲ್ಲಿ ಓಡಿದ್ದೆಲ್ಲ ಈ ಭಾಗ ಮಾತ್ರ! ಪ್ರತಿ ಸಲ ಕೆಟ್ಟ ಭಾಗ ಮುಗಿಯುವ ಮುಂಚೆಯೇ ನಿಂತಿದ್ದಾರೆ. "ಇದರಲ್ಲಿ ಏನು ಮಜಾ" ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. "ರನ್ನರ್ಸ್ ಹೈ", ಅಂದರೆ ಓಡುವಾಗ ಏರುವ ಅಮಲಿನಂಥ ಖುಷಿ, ಆ ಮಾತನ್ನು ಮಾತ್ರ ದಯವಿಟ್ಟು ತೆಗೆಯಬೇಡಿ. ಅದಕ್ಕೆ ನೋವು ತಗ್ಗಿಸಲು ದೇಹವೇ ತಯಾರಿಸುವ ಎಂಡಾರ್ಫಿನ್ ಕಾರಣ ಅಂತ ಬಹಳ ವರ್ಷ ಹೇಳಿದರು. 2015ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ದೇಹವೇ ತಯಾರಿಸುವ, ಗಾಂಜಾದ ಅಂಶವನ್ನು ಹೋಲುವ ಎಂಡೊಕ್ಯಾನಬಿನಾಯ್ಡ್‌ಗಳ ಕಡೆ ಬೆರಳು ತೋರಿಸಿತು. ಕಾರಣ ಯಾವುದೇ ಇರಲಿ, ನನಗಂತೂ ಅದು ಹತ್ತು ಓಟಕ್ಕೆ ಒಂದು ಸಲ ಬಂದರೆ ಹೆಚ್ಚು. ನೀವು ಅದರ ಆಸೆ ಹುಟ್ಟಿಸಿ, ಅವರು ಬಂದು, ಅದು ಬಾರದೇ ಹೋದರೆ? ಮುಗಿಯಿತು.

ಇನ್ನು ಮಂಡಿ. "ಮಂಡಿ ಸವೆದು ಹೋಗುತ್ತೆ" ಅನ್ನದ ಸಂಬಂಧಿಕರು ನನಗೆ ಇನ್ನೂ ಸಿಕ್ಕಿಲ್ಲ. ಎಗರಿ ಬೀಳಬೇಡಿ, ಅದು ಕಾಳಜಿ. 2017ರಲ್ಲಿ ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದಾಗ, ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲಿನ ಸವೆತ ಶೇ. 3.5ರಷ್ಟು, ಓಡದೆ ಕೂತೇ ಇರುವವರಲ್ಲಿ ಶೇ. 10.2ರಷ್ಟು ಕಂಡಿತು. ಇಲ್ಲಿಗೇ ನಿಲ್ಲಿಸಿ ಬೀಗುವ ಆಸೆ ಆಗುತ್ತೆ. ಉಳಿದದ್ದನ್ನೂ ಹೇಳಿ. ಸ್ಪರ್ಧೆಗೇ ಓಡುವವರಲ್ಲಿ ಅದು ಶೇ. 13.3. ಮಂಡಿ ಕೆಟ್ಟವರು ಓಡುವುದನ್ನೇ ಬಿಟ್ಟಿರಬಹುದು, ಹಾಗಾಗಿ ಓಟದಿಂದಲೇ ಮಂಡಿ ಉಳಿಯಿತು ಅಂತ ಹೇಳೋಕೂ ಆಗಲ್ಲ.

ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳದೆ ನಾನು ಕೆಟ್ಟದ್ದೂ ಇದೆ. ಓಟ ಶುರುವಾದ ಮೂರನೇ ವರ್ಷ ಹಿಮ್ಮಡಿ ನೋವು ಬಂತು. ಬೆಳಿಗ್ಗೆ ಮಂಚದಿಂದ ಮೊದಲ ಹೆಜ್ಜೆ ಇಟ್ಟರೆ ಮೊಳೆ ಹೊಡೆದ ಹಾಗೆ. ಮನೆಯಲ್ಲಿ ಹೇಳಿದರೆ "ನಾವು ಹೇಳಲಿಲ್ವಾ" ಅನ್ನುತ್ತಾರಲ್ಲ ಅಂತ ಮೂರು ತಿಂಗಳು ಮುಚ್ಚಿಟ್ಟೆ. ಎಲ್ಲರಿಗಿಂತ ಮೊದಲೆದ್ದು, ಬಾತ್‌ರೂಮಿನವರೆಗೆ ಗೋಡೆ ಹಿಡಿದು ನಡೆಯುತ್ತಿದ್ದೆ. ಒಂದು ದಿನ ಅಕ್ಕ ಅಲ್ಲೇ ನಿಂತಿದ್ದಳು. ಏನೂ ಬೈಯಲಿಲ್ಲ. ಆದರೆ ಅಲ್ಲಿಂದ ಮುಂದೆ ನಾನು "ಏನೂ ಆಗಿಲ್ಲ" ಅಂದರೆ ನಂಬುವುದನ್ನು ಬಿಟ್ಟಳು. ಆ ನಂಬಿಕೆ ವಾಪಸ್ ಬರಲು ಹಿಮ್ಮಡಿ ವಾಸಿಯಾಗುವುದಕ್ಕಿಂತ ಜಾಸ್ತಿ ದಿನ ಹಿಡಿಯಿತು.

ಭಾವನ ಅಸ್ತ್ರ ಬೇರೆ. "ಓಡಿ ಓಡಿ ಅಂತ ಅಮೆರಿಕಾದವರಿಗೆ ಹೇಳಿಕೊಟ್ಟ ಜಿಮ್ ಫಿಕ್ಸ್ ಓಡ್ತಾ ಓಡ್ತಾನೇ ಸತ್ತನಲ್ಲ?" ಹೌದು, 1984ರಲ್ಲಿ, 52 ವರ್ಷಕ್ಕೆ, ಹೃದಯಾಘಾತ. ಅವನ ತಂದೆ 43ಕ್ಕೇ ಹೃದಯದ ಕಾಯಿಲೆಯಿಂದ ಹೋಗಿದ್ದರು. ಅವನು ಓಟ ಹಿಡಿಯುವ ಮೊದಲು ದಿನಕ್ಕೆ ಎರಡು ಪ್ಯಾಕ್ ಸಿಗರೇಟು ಸೇದುತ್ತಿದ್ದ. ರಕ್ತನಾಳಗಳು ಕಟ್ಟಿದ್ದವು. ಇಷ್ಟನ್ನೂ ಹೇಳಿ, ಆಮೇಲೆ ಭಾವನಿಗೂ ಅರ್ಧ ಬಿಟ್ಟುಕೊಟ್ಟೆ: ಓಡುವವರಿಗೆ ಹೃದಯದ ಕಾಯಿಲೆ ಬರೋದೇ ಇಲ್ಲ ಅಂತ ನಂಬಿಕೊಂಡು ಎದೆನೋವನ್ನು ತಳ್ಳಿಹಾಕುವವರು ನಮ್ಮಲ್ಲಿ ಇದ್ದಾರೆ. ಅರ್ಧ ಬಿಟ್ಟುಕೊಟ್ಟರೆ ವಾದ ಅಲ್ಲಿಗೇ ನಿಲ್ಲುತ್ತೆ, ಮಾಡಿ ನೋಡಿ.

"ಹೆಂಗಸರು ಇಷ್ಟು ದೂರ ಓಡಬಾರದು" ಅನ್ನೋ ಚಿಕ್ಕಮ್ಮನ ಮೇಲೂ ಈಗ ಸಿಟ್ಟಿಲ್ಲ. 1928ರ ನಂತರ 1960ರವರೆಗೆ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 200 ಮೀಟರ್‌ಗಿಂತ ದೊಡ್ಡ ಓಟವೇ ಇರಲಿಲ್ಲ. ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ನಿಯಮ ಬರೆಯುವವರೇ ನಂಬಿದ್ದನ್ನು ಚಿಕ್ಕಮ್ಮ ನಂಬಿದರೆ ಅವರ ತಪ್ಪೇನು?

ಈಗ ನಮ್ಮ ಕಡೆಯ ತಪ್ಪು, ನನ್ನ ಪ್ರಕಾರ ಇದೇ ದೊಡ್ಡದು. ನಾವು ನೋವನ್ನು ಮರೆಯುತ್ತೇವೆ. ಪೋಲೆಂಡಿನಲ್ಲಿ 62 ಮ್ಯಾರಥಾನ್ ಓಟಗಾರರನ್ನು ಓಟ ಮುಗಿದ ಕೂಡಲೇ ನೋವು ಎಷ್ಟಿದೆ ಅಂತ ಕೇಳಿದರು. ಕೆಲವರನ್ನು ಮೂರು ತಿಂಗಳ ಮೇಲೆ, ಕೆಲವರನ್ನು ಆರು ತಿಂಗಳ ಮೇಲೆ ಮತ್ತೆ ಕೇಳಿದರು. ನೆನಪಿನಲ್ಲಿ ಉಳಿದ ನೋವು, ಆ ದಿನ ಹೇಳಿದ್ದಕ್ಕಿಂತ ಕಡಿಮೆಯಿತ್ತು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿ ಇಳಿದು ಬಂದವರಿಗೂ ಅದು ನುಣ್ಣಗೇ ಕಾಣುತ್ತೆ. ಹಾಗಾಗಿ "ಚೆನ್ನಾಗಿತ್ತು" ಅನ್ನೋ ನಮ್ಮ ಸಾಕ್ಷಿಯನ್ನು ಮನೆಯವರು ನಂಬದಿದ್ದರೆ ನ್ಯಾಯವೇ.

ಉಪಾಯ ಸರಳ. ಓಡಿದ ದಿನವೇ ಬರೆದಿಡಿ, ಅಥವಾ ಮನೆಯವರಿಗೆ ಹೇಳಿಬಿಡಿ. ಎರಡನೇ ಮ್ಯಾರಥಾನ್‌ನ ಸಂಜೆ ನನ್ನ ಪುಸ್ತಕದಲ್ಲಿ ಹೀಗಿದೆ: "12 ಕಿ.ಮೀ. – ಹಾಡು ಗುನುಗುತ್ತಿದ್ದೆ. 27 – ಎಡತೊಡೆ ಬಿಗಿ. 33 – ಮುಗೀತು. ಮುಂದಿನ ಲೈಟ್ ಕಂಬದವರೆಗೆ ಮಾತ್ರ. 34 – ಇನ್ನು ಯಾವತ್ತೂ ಇಲ್ಲ." ಆ 33 ಸುಮ್ನೆ ಬಂದದ್ದಲ್ಲ. ದೇಹ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು 30ರಿಂದ 35 ಕಿಲೋಮೀಟರ್ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತೆ. ಕೊಬ್ಬು ಬೇಕಾದಷ್ಟಿದ್ದರೂ ಅದು ನಿಧಾನಕ್ಕೆ ಉರಿಯುವ ಸೌದೆ. ನಾವು ಇದಕ್ಕೆ ಗೋಡೆಗೆ ಹೊಡೆಯೋದು ಅಂತೀವಿ. ಅಕ್ಕ ಈ ಪುಟ ಓದಿ ಮೊದಲ ಸಲ ಪ್ರಶ್ನೆ ಕೇಳಿದಳು: "34ರಿಂದ ಮುಂದೆ ಏನ್ಮಾಡ್ದೆ?" ಎಷ್ಟು ಪದಕ ತೋರಿಸಿದರೂ ಬಾರದ ಪ್ರಶ್ನೆ ಅದು.

ಚಿಕ್ಕಪುಟ್ಟವು ಬೇಗ ಹೇಳಿಬಿಡುತ್ತೇನೆ. ಪೇಸ್ (ಕಿಲೋಮೀಟರಿಗೆ ಎಷ್ಟು ನಿಮಿಷ ಅನ್ನೋ ಲೆಕ್ಕ), ಹಾರ್ಟ್ ರೇಟ್, ಶೂ ತೂಕ ಇವೆಲ್ಲ ಊಟದ ಹೊತ್ತಿಗೆ ಬೇಡ. "ಗೆದ್ಯಾ?" ಅಂತ ಕೇಳಿದರೆ ನಗಬೇಡಿ. "ಗೆದ್ದವರು ಸ್ನಾನ ಮಾಡಿ ಮಲಗಿದ ಮೇಲೆ ನಾನು ಬಂದೆ" ಅನ್ನಿ. "5 ಕಿಲೋಮೀಟರ್ ಮ್ಯಾರಥಾನ್" ಅಂದವರನ್ನು ತಿದ್ದಲು ಹೋಗಬೇಡಿ. ಮ್ಯಾರಥಾನಿನ ದೂರವೇ ಮೊದಲಿನಿಂದ ಒಂದೇ ಇರಲಿಲ್ಲ: 1896ರ ಮೊದಲ ಒಲಿಂಪಿಕ್ಸ್‌ನಲ್ಲಿ ಅದು ಸುಮಾರು 40 ಕಿಲೋಮೀಟರ್ ಇತ್ತು. 42.195 ಬಂದದ್ದು 1908ರ ಲಂಡನ್‌ನಲ್ಲಿ, ಅದೇ ಖಾಯಂ ಆದದ್ದು 1921ರಲ್ಲಿ. ಇನ್ನು, ಯಾರಾದರೂ ದಪ್ಪಗಾದೆ ಅಂದಾಗ "ನನ್ನ ಜೊತೆ ಓಡೋಕೆ ಬನ್ನಿ" ಅನ್ನೋದು. ಇದನ್ನು ಹೇಳುವ ಓಟಗಾರರಿಂದ ನಾನೇ ದೂರ ಓಡುತ್ತೇನೆ.

ಓಡದವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮಗೂ ಒಂದೆರಡು ಮಾತು. ಫಿನಿಶ್ ಲೈನಿಗೆ ಬರಬೇಡಿ, ಅಲ್ಲಿ ಚಪ್ಪಾಳೆಗೆ ಬರವಿಲ್ಲ. 32ರಿಂದ 36 ಕಿಲೋಮೀಟರ್ ನಡುವೆ ಎಲ್ಲಾದರೂ ನಿಂತುಕೊಳ್ಳಿ, ಅಲ್ಲಿ ಜನ ಇರೋದಿಲ್ಲ. ಮತ್ತೆ, "ಇನ್ನೇನು ಬಂದೇಬಿಡ್ತು" ಅನ್ನಬೇಡಿ. ಆ ಹೊತ್ತಿಗೆ ನಮಗೆ ಲೆಕ್ಕ ಬಿಟ್ಟು ಬೇರೇನೂ ತಲೆಯಲ್ಲಿ ಇರೋದಿಲ್ಲ, ಸುಳ್ಳು ಹೇಳಿದರೆ ಗೊತ್ತಾಗುತ್ತೆ. ಎಷ್ಟು ಉಳಿದಿದೆಯೋ ಅಷ್ಟೇ ಹೇಳಿ.

ನನ್ನ ನಾಲ್ಕನೇ ಮ್ಯಾರಥಾನ್‌ಗೆ ಅಕ್ಕ 35ನೇ ಕಿಲೋಮೀಟರ್ ಫಲಕದ ಕೆಳಗೆ ಕೊಡೆ ಹಿಡಿದು ನಿಂತಿದ್ದಳು. ನಾನು ನಡೆಯುತ್ತಾ ಬರುತ್ತಿದ್ದೆ. "ಇನ್ನು ಏಳು ಕಿಲೋಮೀಟರ್ ಇದೆ ಕಣೇ," ಅಂದಳು. ಆಮೇಲೆ ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕಕ್ಕೆ ಬಂದಳು, ಅರ್ಧ ಹೆಜ್ಜೆ ಹಿಂದೆ. "ಮುಂದಿನ ಕಂಬದವರೆಗೆ ಬರ್ತೀನಿ. ಅಲ್ಲೀವರೆಗೆ ಏನಾದ್ರೂ ಕಥೆ ಹೇಳು."